ಮಂಗಳವಾರದ ಮಾತ್ರೆ

ಅಡುಗೆಮನೆಯ ಬಾಗಿಲ ಹಿಂದೆ ಒಂದು ಪಟ್ಟಿ ನೇತಾಡುತ್ತಿತ್ತು. ಆಸ್ಪತ್ರೆಯವರು ಪುಕ್ಕಟೆ ಕೊಟ್ಟದ್ದು. ಮೇಲೆ ದಪ್ಪಕ್ಷರದಲ್ಲಿ ‘ಮುಪ್ಪಿನಲ್ಲೂ ಗಟ್ಟಿಯಾಗಿರಿ’ ಎಂದಿತ್ತು, ಪಕ್ಕದಲ್ಲಿ ನಗುತ್ತಿರುವ ಅಜ್ಜ ಅಜ್ಜಿಯ ಚಿತ್ರ. ಇಬ್ಬರಿಗೂ ಮೂವತ್ತೆರಡು ಹಲ್ಲು ಇದ್ದದ್ದರಿಂದ ಅವರನ್ನು ಪೂರ್ತಿ ನಂಬುವ ಹಾಗಿರಲಿಲ್ಲ. ಆದರೂ ಆಪರೇಟರಮ್ಮ ನಂಬಿದ್ದಳು. ಬೆಳಿಗ್ಗೆ ಅರ್ಧ ಗಂಟೆ ನಡಿಗೆ, ಎಂಟು ಲೋಟ ನೀರು, ಅಡುಗೆಗೆ ಹಾಕುವ ಉಪ್ಪು ಅರ್ಧಕ್ಕರ್ಧ, ಅರ್ಧ ನಿಮಿಷ ಒಂಟಿ ಕಾಲು, ದಿನಕ್ಕೊಂದು ಹೊಸ ವಿಷಯ ಕಲಿಯುವುದು, ಯಾರ ಜೊತೆಗಾದರೂ ಅರ್ಧ ಗಂಟೆ ಮಾತು, ಹೊತ್ತಿಗೆ ಸರಿಯಾಗಿ ನಿದ್ದೆ. ಒಂದೊಂದಕ್ಕೂ ಎರಡೆರಡು ಚೌಕ, ಒಂದು ಅವಳದ್ದು, ಇನ್ನೊಂದು ಗಂಡನದ್ದು. ಎರಡೂ ಚೌಕಕ್ಕೆ ಗುರುತು ಹಾಕುತ್ತಿದ್ದವಳು ಅವಳೇ.

ಇಷ್ಟು ಶಿಸ್ತು ಸುಮ್ಮನೆ ಬಂದದ್ದಲ್ಲ. ಅವಳ ದೊಡ್ಡಕ್ಕ ಅರವತ್ತೆಂಟಕ್ಕೆ ಒಂದೊಂದಾಗಿ ಎಲ್ಲ ಮರೆಯಲು ಶುರು ಮಾಡಿ, ಎಪ್ಪತ್ತೆರಡಕ್ಕೆ ಹೊಟ್ಟೆಯಲ್ಲಿ ಹುಟ್ಟಿದ ಮಗನನ್ನೇ ‘ನಿಮಗೆ ಯಾರು ಬೇಕಾಗಿತ್ತು’ ಎಂದು ಕೇಳಿದ್ದಳು. ಆಪರೇಟರಮ್ಮನಿಗೆ ಈಗ ಅರವತ್ತೆಂಟು. ಒಲೆ ಆರಿಸಿದೆನೋ ಇಲ್ಲವೋ ಎಂದು ಬೀದಿ ತಿರುವಿನಿಂದ ವಾಪಸು ಬರುವುದು, ಬಂದರೆ ಒಲೆ ಆರಿರುವುದು, ಆರಿದ್ದನ್ನು ನೋಡಿಯೂ ಎದೆ ಡವಗುಟ್ಟುವುದು, ಇದು ಹೆಚ್ಚುಕಡಿಮೆ ದಿನಾ ನಡೆಯುತ್ತಿತ್ತು.

ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ದುಡಿದವಳು ಅವಳು. ತಲೆಗೆ ಹೆಡ್‌ಫೋನು, ಎದುರಿಗೆ ತೂತು ತೂತಿನ ಬೋರ್ಡು, ಕೈಯಲ್ಲಿ ವೈರು. ಆಮೇಲೆ ಮೆಷಿನ್ನು ಬಂದು ಎಲ್ಲರನ್ನೂ ಬಿಲ್ಲಿನ ವಿಭಾಗಕ್ಕೆ ತಳ್ಳಿದರೂ, ಹಳೆಯ ಹೆಸರು ಮಾತ್ರ ಬಿಡಲಿಲ್ಲ. ಗಂಡ ಮರಗೆಲಸದ ಮೇಸ್ತ್ರಿ. ನಾಲ್ಕು ವರ್ಷದ ಹಿಂದೆ ಎದೆ ಹಿಡಿದುಕೊಂಡು ಕೂತವನಿಗೆ ರಕ್ತನಾಳದೊಳಗೆ ಒಂದು ಸಣ್ಣ ಸ್ಪ್ರಿಂಗು ಕೂರಿಸಿ ಕಳಿಸಿದ್ದರು. ದಿನಾ ಬೆಳಿಗ್ಗೆ ತಿಂಡಿಯಾದ ಮೇಲೆ ರಕ್ತ ಹೆಪ್ಪುಗಟ್ಟದ ಹಾಗೆ ಒಂದು ಮಾತ್ರೆ. ‘ತಪ್ಪಿಸಿದರೆ ಅಪಾಯ, ಮರೆತು ಎರಡು ಕೊಟ್ಟರೂ ಅಪಾಯ’ ಎಂದಿದ್ದರು ಡಾಕ್ಟರು. ಆ ಒಂದು ಮಾತು ಆಪರೇಟರಮ್ಮನ ಕುತ್ತಿಗೆಗೆ ಗಂಟೆಯ ಹಾಗೆ ಬಿದ್ದಿತ್ತು. ಮಾತ್ರೆ ಇಡಲು ಮೇಸ್ತ್ರಿಯೇ ಒಂದು ಮರದ ಪೆಟ್ಟಿಗೆ ಮಾಡಿಕೊಟ್ಟಿದ್ದ. ವಾರಕ್ಕೆ ಏಳು ಗೂಡು, ಏಳಕ್ಕೂ ಜಾರುವ ಮುಚ್ಚಳ, ಮುಚ್ಚಿದರೆ ಕೂದಲೆಳೆಯಷ್ಟೂ ಸಂದು ಕಾಣದು. ಭಾನುವಾರ ಸಂಜೆ ಅವಳು ಏಳೂ ಗೂಡು ತುಂಬಿಸುತ್ತಿದ್ದಳು. ಬಾಗಿಲ ಹಿಂದಿನ ಪಟ್ಟಿಯ ಕೆಳಗೆ ಮಾತ್ರೆಗೆಂದು ಒಂದು ಸಾಲನ್ನೂ ತಾನೇ ಗೆರೆ ಹಾಕಿ ಸೇರಿಸಿದ್ದಳು.

ಆ ಮಂಗಳವಾರ ಬೆಳಿಗ್ಗೆಯೂ ಎಲ್ಲ ದಿನದ ಹಾಗೇ ಇತ್ತು. ನಡಿಗೆ ಮುಗಿಸಿ ಬಂದರು. ಅವಳು ಕಟ್ಟೆ ಹಿಡಿದು ಒಂಟಿ ಕಾಲಲ್ಲಿ ನಿಂತು ಮೂವತ್ತು ಎಣಿಸಿದಳು.

“ಕೊಕ್ಕರೆ ಚೆನ್ನಾಗಿದೆ,” ಅಂದ ಮೇಸ್ತ್ರಿ. “ಮಗಳು ಯಾವತ್ತು ಬರ್ತಾಳೆ?”

“ಭಾನುವಾರ.”

ಬ್ರೆಡ್ಡು, ಬೇಯಿಸಿದ ಮೊಟ್ಟೆ ಮುಗಿಯಿತು. ಅವಳು ಮಂಗಳವಾರದ ಮುಚ್ಚಳ ಸರಿಸಿ ಮಾತ್ರೆ ತೆಗೆದು ಅವನ ಅಂಗೈಗೆ ಹಾಕಿದಳು. ನೀರಿನ ಲೋಟ ಮುಂದಿಟ್ಟು, ಒಲೆಯ ಮೇಲೆ ಉಕ್ಕುತ್ತಿದ್ದ ಹಾಲಿನ ಕಡೆ ಓಡಿದಳು. ಅಲ್ಲಿಂದಲೇ ಪಟ್ಟಿಗೆ ಗುರುತು ಹಾಕಿದಳು.

“ಈ ವಾರ ಬರ್ತಾಳೇನು ಮಗಳು?”

“ಭಾನುವಾರ ಬರ್ತಾಳೆ ರೀ.”

ಸಂಜೆ ಮೇಜು ಒರೆಸುವಾಗ ಪೆಟ್ಟಿಗೆ ಎತ್ತಿದಳು. ಖಾಲಿಯಾಗಿರಬೇಕಿದ್ದ ತುದಿಯಲ್ಲೂ ಏನೋ ಅಲುಗಾಡಿತು. ಮಂಗಳವಾರದ ಮುಚ್ಚಳ ಸರಿಸಿ ನೋಡಿದರೆ ಮಾತ್ರೆ ಗೂಡಿನಲ್ಲೇ ಇದೆ, ಬಿಳಿಯದು, ದುಂಡಗಿನದು, ಬೆಳಿಗ್ಗೆ ಹೇಗಿತ್ತೋ ಹಾಗೇ. ಪಟ್ಟಿ ನೋಡಿದಳು. ಮಾತ್ರೆಯ ಸಾಲಿನಲ್ಲಿ, ಮಂಗಳವಾರದ ಚೌಕದಲ್ಲಿ ಅವಳದೇ ಗುರುತು, ಕೊಂಕಿಲ್ಲದೆ. ಕೊಟ್ಟದ್ದು ನೆನಪಿದೆ. ಅಂಗೈ ನೆನಪಿದೆ, ಲೋಟ ನೆನಪಿದೆ. ಆದರೆ ಅದು ಇವತ್ತಿನ ನೆನಪೋ, ನಿನ್ನೆಯದೋ? ದಿನಾ ಒಂದೇ ಅಂಗೈ, ಒಂದೇ ಲೋಟ.

“ರೀ, ಬೆಳಿಗ್ಗೆ ಮಾತ್ರೆ ತಗೊಂಡ್ರಾ?”

ಮೇಸ್ತ್ರಿ ಹಿತ್ತಲ ಕೋಣೆಯಲ್ಲಿ ಸ್ಟೂಲಿನ ಕಾಲಿಗೆ ಉಪ್ಪುಕಾಗದ ಉಜ್ಜುತ್ತಿದ್ದ. “ನೀನು ಕೊಟ್ಟಿದ್ರೆ ತಗೊಂಡಿರ್ತೀನಿ,” ಅಂದ, ತಲೆ ಎತ್ತದೆ.

ನೀನು ಕೊಟ್ಟಿದ್ದರೆ. ಆ ಮಾತು ಅವಳಿಗೆ ಚೂರಿಯ ಹಾಗೆ ನಾಟಿತು. ಈಗ ಕೊಡಬೇಕೋ ಬಿಡಬೇಕೋ? ಹೇಗೋ ಪೆಟ್ಟಿಗೆಗೆ ಒಂದು ಹೆಚ್ಚಿಗೆ ಬಿದ್ದಿದ್ದು, ಬೆಳಿಗ್ಗೆ ಇವನು ನುಂಗಿಯೂ ಇದ್ದರೆ? ಎರಡಾಗಿಬಿಟ್ಟರೆ? ಮಾತ್ರೆಯನ್ನು ಹಿಡಿದುಕೊಂಡು ಕಾಲು ಗಂಟೆ ನಿಂತಳು. ಕೊನೆಗೆ ಅದನ್ನು ಗುಂಡಿ ಸೂಜಿ ಇಡುವ ಡಬ್ಬಿಗೆ ಹಾಕಿ ಮುಚ್ಚಿಟ್ಟಳು. ಕಳ್ಳತನ ಮಾಡಿದ ಹಾಗೆ ಬೆವೆತಿದ್ದಳು.

ಬುಧವಾರ ನಡಿಗೆಯನ್ನು ಒಂದು ಗಂಟೆ ಮಾಡಿದಳು. ಒಂಟಿ ಕಾಲಲ್ಲಿ ಅರವತ್ತು ಎಣಿಸಿದಳು. ಉಪ್ಪು ಇನ್ನೂ ಕಡಿಮೆ ಮಾಡಿದ್ದಕ್ಕೆ ಮೇಸ್ತ್ರಿ, “ಇದು ಊಟಾನೋ ಬಿಸಿ ಮಾಡಿದ ಕಾಗದಾನೋ,” ಅಂದ. ಹದಿನೇಳರ ಮಗ್ಗಿ ಬಾಯಿಪಾಠ ಮಾಡಿದಳು. ಮಾತ್ರೆ ಕೊಟ್ಟ ಮೇಲೆ ಗೂಡನ್ನು ನಾಲ್ಕು ಸಲ ತೆರೆದು ನೋಡಿದಳು, ಖಾಲಿ ಇತ್ತು. ಖಾಲಿ ಇದ್ದದ್ದು ಸಮಾಧಾನವನ್ನೇನೂ ತರಲಿಲ್ಲ. ಮಧ್ಯಾಹ್ನ ತಡೆಯಲಾರದೆ ಮಗಳಿಗೆ ಫೋನು ಮಾಡಿ ಎಲ್ಲ ಹೇಳಿಬಿಟ್ಟಳು.

ಮಗಳು ಡ್ರೈವಿಂಗ್ ಕಲಿಸುವವಳು. ಪಕ್ಕದ ಸೀಟಿನಲ್ಲಿ ಕೂತು ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಬದುಕುವ ಜೀವ. ಬೇರೆಯವರ ಕೈಯಲ್ಲಿ ಸ್ಟೀರಿಂಗ್ ಇರುವಾಗ ಸುಮ್ಮನಿರುವುದು ಅವಳಿಗೆ ಗೊತ್ತಿಲ್ಲ. ಶುಕ್ರವಾರಕ್ಕೆ ಡಾಕ್ಟರ ಸಮಯ ತೆಗೆದುಕೊಂಡು, ತಾನೇ ಕಾರು ತಂದು ಅಮ್ಮನನ್ನು ಕರೆದುಕೊಂಡು ಹೋದಳು.

ಡಾಕ್ಟರಿಗೆ ಮಗಳ ವಯಸ್ಸೂ ಇರಲಿಲ್ಲ. ಮೆತ್ತಗಿನ ದನಿ. “ನಾನು ಐದು ಪದ ಹೇಳ್ತೀನಿ ಅಮ್ಮ, ನೀವು ತಿರುಗಿ ಹೇಳಿ. ಕೊಡೆ, ಸೇತುವೆ, ಕತ್ತರಿ, ಬೆಕ್ಕು, ಕಿತ್ತಳೆ.”

“ಕೊಡೆ, ಸೇತುವೆ, ಕತ್ತರಿ, ಬೆಕ್ಕು, ಕಿತ್ತಳೆ,” ಎಂದು ಆಪರೇಟರಮ್ಮ ಗುಂಡು ಹಾರಿಸಿದ ಹಾಗೆ ಒಪ್ಪಿಸಿದಳು. ಡಾಕ್ಟರು ಮೆಚ್ಚಿ ತಲೆದೂಗಿ, ಇವನ್ನು ಆಮೇಲೆ ಮತ್ತೆ ಕೇಳುತ್ತೇನೆ ಎಂದರು. ಆಮೇಲೆ ಗಡಿಯಾರ ಬರೆಸಿದರು, ಬರೆದಳು. ನೂರರಿಂದ ಏಳೇಳು ಕಳೆಯಲು ಹೇಳಿದರು, ಹದಿನೇಳರ ಮಗ್ಗಿ ಕಲಿತವಳಿಗೆ ಅದೇನು ದೊಡ್ಡದು, ಸರಸರ ಕಳೆದಳು. ಅಷ್ಟು ಹೊತ್ತಿಗೆ ಅವಳ ಮೈ ಸ್ವಲ್ಪ ಸಡಿಲವಾಗಿತ್ತು.

“ಈಗ ಆಗಲೇ ಹೇಳಿದ ಐದು ಪದ ಹೇಳಿ ನೋಡೋಣ.”

ಅವಳು ಬಾಯಿ ತೆರೆದಳು. ಅಲ್ಲಿ ಏನೂ ಇರಲಿಲ್ಲ. ನಾಲಿಗೆಯ ತುದಿಯಲ್ಲಿದೆ ಅನ್ನುತ್ತಾರಲ್ಲ, ಹಾಗೂ ಅಲ್ಲ, ಒರೆಸಿ ಇಟ್ಟ ಮೇಜಿನ ಹಾಗೆ ಖಾಲಿ. ಡಾಕ್ಟರು ಕಾದರು. ಮಗಳು ಅಮ್ಮನ ಮುಖ ನೋಡುವುದನ್ನು ಬಿಟ್ಟು ತನ್ನ ಉಗುರು ನೋಡಿಕೊಳ್ಳತೊಡಗಿದಳು.

“ಒಂದಾದ್ರೂ?” ಅಂದರು ಡಾಕ್ಟರು.

“ಇಲ್ಲ,” ಅಂದಳು ಆಪರೇಟರಮ್ಮ.

ಇದೊಂದರಿಂದಲೇ ಏನನ್ನೂ ಹೇಳಲಾಗದು, ಮುಂದಿನ ತಿಂಗಳು ಇನ್ನಷ್ಟು ಪರೀಕ್ಷೆ ಮಾಡೋಣ, ಹೆದರಬೇಡಿ ಎಂದರು ಡಾಕ್ಟರು. ಹೆದರಬೇಡಿ ಎಂದು ಡಾಕ್ಟರು ಹೇಳಿದ ಮೇಲೆ ಹೆದರದೆ ಇರುವವರು ಯಾರು. ಮಗಳು ಕಾರನ್ನು ಮನೆಯ ಮುಂದೆ ನಿಲ್ಲಿಸಿ, ಇಂಜಿನ್ನು ಆರಿಸದೆ ಹೇಳಿದಳು: “ಅಮ್ಮ, ಭಾನುವಾರ ಬಂದು ಅಪ್ಪನ್ನ ನಮ್ಮನೆಗೆ ಕರ್ಕೊಂಡು ಹೋಗ್ತೀನಿ. ಆ ಮಾತ್ರೆ ಆಟ ಆಡೋ ವಿಷಯ ಅಲ್ಲ. ನೀನೂ ಬಾ, ಬರಲ್ಲ ಅಂದ್ರೆ ಆಮೇಲೆ ನೋಡೋಣ.”

“ಅವರ ಉಳಿ, ಸುತ್ತಿಗೆ, ಹತಾರ ಎಲ್ಲ ಇಲ್ಲೇ ಇದೆ ಕಣೇ.”

“ಹತಾರ ಮುಖ್ಯಾನೋ ಅಪ್ಪ ಮುಖ್ಯಾನೋ?”

ನಲವತ್ತೊಂದು ವರ್ಷ ಜೊತೆಗಿದ್ದ ಗಂಡನನ್ನು ನೋಡಿಕೊಳ್ಳಲು ತಾನು ನಾಲಾಯಕ್ಕು ಎಂದು ಹೆತ್ತ ಮಗಳು ಹೇಳಿದಳು, ಅದೂ ಸರಿಯಾಗಿಯೇ ಹೇಳಿದಳು. ಗೇಟು ತೆಗೆದು ಒಳಗೆ ಬಂದಾಗ ಅಳು ಒತ್ತರಿಸಿ ಬಂತು. ಮೇಸ್ತ್ರಿ ಹಿತ್ತಲಿಂದ ಕೈ ಒರೆಸಿಕೊಳ್ಳುತ್ತ ಬಂದ.

“ಏನಂದ್ರು?”

“ಮುಂದಿನ ತಿಂಗಳು ಬನ್ನಿ ಅಂದ್ರು.”

“ಮಗಳು ಯಾವತ್ತು ಬರ್ತಾಳೆ?”

“ಭಾನುವಾರ,” ಅಂದು ಅವಳು ಮುಖ ತೊಳೆಯಲು ಹೋದಳು.

ಸಂಜೆ ಹಳೆಯ ಸೂಪರ್‌ವೈಸರ್ ಮೇಡಂಗೆ ಫೋನು ಮಾಡಿದಳು. ಮೇಡಂಗೆ ಎಂಬತ್ತೆರಡು. ಎಕ್ಸ್‌ಚೇಂಜಿನಲ್ಲಿ ಹುಡುಗಿಯರ ಬೆನ್ನ ಹಿಂದೆ ಮೆತ್ತನೆ ಚಪ್ಪಲಿ ಹಾಕಿಕೊಂಡು ಓಡಾಡಿ ಎಲ್ಲರ ಜೀವ ತೆಗೆದವಳು. ಈಗಲೂ ದನಿಯಲ್ಲಿ ಅದೇ ಗತ್ತು. ಆಪರೇಟರಮ್ಮ ಅಳುತ್ತ ಹೇಳಿದ್ದನ್ನೆಲ್ಲ ಕೇಳಿ ಮೇಡಂ ಕೇಳಿದ್ದು ಒಂದೇ ಪ್ರಶ್ನೆ.

“ಆ ಐದು ಪದ ಹೇಳಿದ ತಕ್ಷಣ ನೀನು ತಿರುಗಿ ಒಪ್ಪಿಸಿದ್ಯಾ?”

“ಒಪ್ಪಿಸಿದೆ ಮೇಡಂ.”

“ಮತ್ತೆ? ನಂಬರು ತಿರುಗಿ ಹೇಳಿ ಲೈನ್ ಜೋಡಿಸಿದ ಮೇಲೆ ಯಾವ ಆಪರೇಟರು ಅದನ್ನ ತಲೇಲಿ ಇಟ್ಕೋತಾಳೆ? ದಿನಕ್ಕೆ ಎಂಟುನೂರು ನಂಬರು. ಇಟ್ಕೊಂಡಿದ್ರೆ ಹುಚ್ಚಾಸ್ಪತ್ರೆ ಸೇರ್ತಿದ್ವಿ. ಜೋಡಿಸು, ಬಿಟ್ಬಿಡು ಅಂತ ನಿಂಗೆ ಕಲಿಸಿದ್ದೇ ನಾನು. ಲೈನಲ್ಲಿರೋರ ಮಾತಿಗೆ ಕಿವಿ ಕೊಡಬೇಡ ಅಂತ ಬೆನ್ನಿಗೆ ಗುದ್ದಿ ಕಲಿಸಿದೀನಿ.”

“ಅವರು ಆಮೇಲೆ ಕೇಳ್ತೀನಿ ಅಂತಾನೂ ಅಂದಿದ್ರು ಮೇಡಂ.”

“ಅದೂ ಜಾರಿ ಹೋಗಿರುತ್ತೆ. ಬಾಯಿ ತಿರುಗಿ ಹೇಳ್ತು, ಕೈ ವೈರು ಕಿತ್ತುಬಿಡ್ತು. ಈಗ ನಾನು ಐದು ಹೇಳ್ತೀನಿ. ತಿರುಗಿ ಹೇಳಬೇಡ. ಆ ಕಡೆಯ ಪಾರ್ಟಿ ಇನ್ನೂ ಲೈನಿಗೆ ಬಂದಿಲ್ಲ ಅಂತ ತಿಳ್ಕೋ, ಹಿಡಿದಿಟ್ಕೊಂಡಿರು. ಏಣಿ, ದೀಪ, ಹಗ್ಗ, ಮೊಲ, ಬಟ್ಟಲು. ಹದಿನೈದು ನಿಮಿಷ ಬಿಟ್ಟು ಫೋನ್ ಮಾಡು.”

ಹದಿನೈದು ನಿಮಿಷ ಅವಳು ಪಾತ್ರೆ ತೊಳೆದಳು, ಬಟ್ಟೆ ಮಡಿಸಿದಳು, ಪಕ್ಕದ ಮನೆಯವಳ ಜೊತೆ ಬೇಲಿಯ ಆಚೆ ಈಚೆ ನಿಂತು ಮಾತಾಡಿದಳು. ಫೋನು ಮಾಡಿ ಐದೂ ಹೇಳಿದಳು. ಹೇಳಿದ ಕ್ರಮವೂ ತಪ್ಪಲಿಲ್ಲ.

“ನಿಂಗೆ ಮರೆವಲ್ಲ,” ಅಂದಳು ಮೇಡಂ. “ಕಸುಬು ಅಂಟಿಕೊಂಡಿದೆ ಅಷ್ಟೆ. ನೀನು ಹಿಡ್ಕೋಬೇಕು ಅಂದ್ಕೊಂಡಿದ್ದನ್ನ ಹಿಡ್ಕೋತೀಯ, ಮಿಕ್ಕಿದ್ದಕ್ಕೆ ಉತ್ತರ ಕೊಟ್ಟು ಬಿಟ್ಬಿಡ್ತೀಯ.”

ಆಪರೇಟರಮ್ಮನಿಗೆ ಎರಡು ಮಣ ಭಾರ ಇಳಿದ ಹಾಗಾಯಿತು. ಮಂಗಳವಾರದ ಮಾತ್ರೆಗೆ ಇದು ಉತ್ತರವಲ್ಲ ಎಂಬುದು ಮೂಲೆಯಲ್ಲಿ ಚುಚ್ಚುತ್ತಲೇ ಇತ್ತು, ಆದರೂ ಒಂದು ದಾರಿ ಕಂಡಿತು. ನಾಳೆ ಶನಿವಾರ ಇಡೀ ದಿನ ಕಿವಿಗೆ ಬಿದ್ದದ್ದು, ಕಣ್ಣಿಗೆ ಕಂಡದ್ದು ಒಂದನ್ನೂ ಬಿಡದೆ ಹಿಡಿದಿಟ್ಟುಕೊಳ್ಳುವುದು. ಭಾನುವಾರ ಮಗಳು ಬಂದಾಗ ಅಷ್ಟನ್ನೂ ಒಪ್ಪಿಸುವುದು. ಆಗ ಅಪ್ಪನನ್ನು ಹೇಗೆ ಕರೆದುಕೊಂಡು ಹೋಗುತ್ತಾಳೋ ನೋಡೋಣ.

ಶನಿವಾರ ಹಾಸಿಗೆಯಿಂದ ಏಳುವಾಗಲೇ ಶುರು ಮಾಡಿದಳು. ತಿರುವಿನ ಮನೆಯ ಹಳದಿ ಬಾಗಿಲಿಗೆ ಹೊಸ ಬಣ್ಣ, ಹಿಡಿದಿಟ್ಟುಕೊಂಡಳು. ಎದುರಿಗೆ ಸಿಕ್ಕ ಪೋಸ್ಟ್‌ಮ್ಯಾನ್ ಎಡಗೈಗೆ ಪಟ್ಟಿ ಕಟ್ಟಿದ್ದಾನೆ, ಹಿಡಿದಿಟ್ಟುಕೊಂಡಳು. ಅಲ್ಲೇ ಮೇಸ್ತ್ರಿ ಕೇಳಿದ, “ಮಗಳು ಯಾವತ್ತು ಬರ್ತಾಳೆ?” ನಾಳೆ ಅಂದಳು, ಅದನ್ನೂ ಹಿಡಿದಿಟ್ಟುಕೊಂಡಳು.

ಚಪ್ಪಲಿ ಬಿಡುವಾಗ ಮತ್ತೆ ಕೇಳಿದ. ನಾಳೆ ಅಂದಳು.

ಮೊಟ್ಟೆಯ ಸಿಪ್ಪೆ ಸುಲಿಯುತ್ತ ಕೇಳಿದ, ಮೊದಲ ಸಲ ಕೇಳುವವನ ಮುಖದಲ್ಲಿ, ಅದೇ ಕುತೂಹಲ, ಅದೇ ಆಸೆ. ಅವಳ ಕೈಯಲ್ಲಿದ್ದ ಚಮಚ ನಿಂತಿತು. ಮೂರು. ಮೂರಕ್ಕೂ ಅವಳು ಉತ್ತರ ಕೊಟ್ಟಿದ್ದಳು. ನಿನ್ನೆ ಎಷ್ಟು ಸಲ ಕೇಳಿದ್ದ? ಮೊನ್ನೆ? ಹುಡುಕಿದರೆ ಒಂದೂ ಸಿಗಲಿಲ್ಲ. ಜೋಡಿಸಿದ್ದಳು, ಬಿಟ್ಟುಬಿಟ್ಟಿದ್ದಳು.

ಅವಳು ಏನೂ ಆಗದವಳ ಹಾಗೆ ಶನಿವಾರದ ಮುಚ್ಚಳ ಸರಿಸಿ ಮಾತ್ರೆಯನ್ನು ಅಂಗೈಗೆ ಹಾಕಿ, ಲೋಟ ಮುಂದಿಟ್ಟು, ಒಲೆಯ ಕಡೆ ತಿರುಗಿದಳು. ತಿರುಗಿ ಕಣ್ಣಂಚಿನಲ್ಲಿ ನೋಡಿದಳು. ಮೇಸ್ತ್ರಿ ಲೋಟ ಎತ್ತಿ ನೀರು ಕುಡಿದ. ಇನ್ನೊಂದು ಕೈ ಮುಚ್ಚಿಯೇ ಇತ್ತು. ಕಿಟಕಿಯಾಚೆ ಒಂದಿಷ್ಟು ಹೊತ್ತು ನೋಡಿದ. ಆಮೇಲೆ ಮುಷ್ಟಿ ಬಿಚ್ಚಿ ಅಂಗೈಯಲ್ಲಿದ್ದದ್ದನ್ನು ನೋಡಿದ. ಅದು ಏನು, ಯಾಕಿದೆ ಎಂದು ಅವನಿಗೆ ತಿಳಿಯಲಿಲ್ಲ ಎಂಬುದು ಅವನ ಹುಬ್ಬಿನಲ್ಲೇ ಕಂಡಿತು. ಐವತ್ತು ವರ್ಷ ಉಳಿ, ಸುತ್ತಿಗೆ, ಅರ ಎಲ್ಲವನ್ನೂ ಅದರದರ ಜಾಗಕ್ಕೇ ಇಟ್ಟು ಬದುಕಿದವನು ಅವನು. ಪೆಟ್ಟಿಗೆಯಲ್ಲಿ ಮುಚ್ಚಳ ತೆರೆದೇ ಇದ್ದ ಖಾಲಿ ಗೂಡು ಕಣ್ಣಿಗೆ ಬಿತ್ತು. ಮಾತ್ರೆಯನ್ನು ಅಲ್ಲಿಟ್ಟು, ಮುಚ್ಚಳ ಸರಿಸಿ, ಹೆಬ್ಬೆರಳಿನಿಂದ ಒಮ್ಮೆ ಸವರಿ ಸಂದು ಕೂತಿದೆಯೋ ಎಂದು ನೋಡಿದ.

ಆಪರೇಟರಮ್ಮ ಒಲೆಯ ಕಟ್ಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ನನಗಲ್ಲ ಎಂದು ಒಂದು ಕ್ಷಣ ಜೀವ ಹಗುರವಾಯಿತು. ಮರುಕ್ಷಣವೇ ಆ ಹಗುರಕ್ಕೆ ತನ್ನನ್ನೇ ಹೊಡೆದುಕೊಳ್ಳಬೇಕು ಅನ್ನಿಸಿತು. ಆಮೇಲೆ ಹೋಗಿ ಮುಚ್ಚಳ ಸರಿಸಿ, ಮಾತ್ರೆ ತೆಗೆದು, ಅವನು ಅದನ್ನು ನಾಲಿಗೆಯ ಮೇಲಿಟ್ಟು ನುಂಗುವ ತನಕ ಎದುರಿಗೇ ನಿಂತಳು. ಸಂಜೆಯ ಹೊತ್ತಿಗೆ ಪ್ರಶ್ನೆ ಏಳಾಯಿತು.

ಭಾನುವಾರ ಮಗಳು ಖಾಲಿ ಬ್ಯಾಗು ಹಿಡಿದು ಬಂದಳು. ಮೂವರೂ ಮೇಜಿನ ಸುತ್ತ ಕೂತರು. ಆಪರೇಟರಮ್ಮ ಶನಿವಾರವನ್ನು ಒಪ್ಪಿಸತೊಡಗಿದಳು. ಹಳದಿ ಬಾಗಿಲು, ಪೋಸ್ಟ್‌ಮ್ಯಾನಿನ ಕೈ, ತರಕಾರಿಯವಳು ಬದನೆಕಾಯಿಗೆ ಹೇಳಿದ ಬೆಲೆ, ಪಕ್ಕದ ಮನೆಯವಳ ಸೊಸೆಗೆ ಬಂದ ನೆಗಡಿ, ಮಧ್ಯಾಹ್ನದ ಸುದ್ದಿಯಲ್ಲಿ ಹೇಳಿದ ಮೂರು ವಿಷಯ. ಡಾಕ್ಟರ ಐದು ಪದ ಯಾಕೆ ಹೋಯಿತೆಂದೂ ಹೇಳಿ, ಮೇಡಂ ಕೊಟ್ಟ ಐದನ್ನೂ ಹೇಳಿದಳು. ಮಗಳ ಮುಖ ಮೆಲ್ಲಗೆ ಅರಳಿತು. ಬ್ಯಾಗನ್ನು ಕುರ್ಚಿಯ ಕೆಳಗೆ ತಳ್ಳಿದಳು.

“ನೋಡಿದ್ಯಾ ನಿಮ್ಮಮ್ಮನ ತಲೆ?” ಅಂದ ಮೇಸ್ತ್ರಿ, ಹೆಮ್ಮೆಯಿಂದ. “ನನ್ನನ್ನ ಕರ್ಕೊಂಡು ಹೋಗೋಕೆ ಬಂದಿದ್ಯಂತೆ.”

“ಅಷ್ಟೇನಾ ಅಮ್ಮ?” ಅಂದಳು ಮಗಳು, ನಗುತ್ತ.

ಅಷ್ಟೇ ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಅವನು ಹಿತ್ತಲಿಗೆ ಹೋಗಿ ಸ್ಟೂಲು ಉಜ್ಜುತ್ತಿದ್ದ, ಅವಳು ದಿನಾ ಎದುರಿಗೆ ನಿಂತು ಮಾತ್ರೆ ನುಂಗಿಸುತ್ತಿದ್ದಳು. ಎಷ್ಟು ದಿನ? ದೊಡ್ಡಕ್ಕನ ಮನೆಯವರೂ ಮೊದಮೊದಲು ಹೀಗೇ ಅಷ್ಟೇ ಅಷ್ಟೇ ಎಂದು ಎರಡು ವರ್ಷ ಕಳೆದಿದ್ದರು. ಆಪರೇಟರಮ್ಮ ಎದ್ದು ಗುಂಡಿ ಸೂಜಿಯ ಡಬ್ಬಿ ತಂದಳು. ಮಂಗಳವಾರದ ಮಾತ್ರೆಯನ್ನು ಮೇಜಿನ ಮೇಲಿಟ್ಟಳು.

“ಇನ್ನೂ ಎರಡು ವಿಷಯ ಇದೆ,” ಅಂದಳು. ಹೇಳಿದಳು. ಮುಷ್ಟಿಯನ್ನು, ಗೂಡನ್ನು, ಹೆಬ್ಬೆರಳನ್ನು. ಆಮೇಲೆ ಪ್ರಶ್ನೆಯನ್ನು. ಹೇಳುವಾಗ ಗಂಡನ ಮುಖವನ್ನೇ ನೋಡುತ್ತಿದ್ದಳು, ಮಗಳಿಗೆ ಚಾಡಿ ಹೇಳಿದ ಹಾಗಾಗಬಾರದು ಎಂದು.

ಮೇಸ್ತ್ರಿ ಮಾತ್ರೆಯನ್ನು ಬೆರಳಲ್ಲಿ ಒಮ್ಮೆ ಉರುಳಿಸಿದ. “ನಾನೇ ಇಟ್ಟೆನಾ?”

“ಹೂಂ.”

“ಎಷ್ಟು ಸಲ ಕೇಳಿದೆ?”

“ಏಳು.”

“ಏಳು ಸಲಾನೂ ಉತ್ತರ ಹೇಳಿದ್ಯಾ?”

“ಹೇಳಿದೆ.”

ಮಗಳ ಕಾಲು ಮೇಜಿನ ಕೆಳಗೆ ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. “ಶನಿವಾರ ಒಂದೇ ದಿನ ಅಲ್ಲ ಇದು,” ಅಂದ ಮೇಸ್ತ್ರಿ. “ಬಹಳ ದಿನದಿಂದ ಕೇಳ್ತಾ ಇದ್ದಿರಬೇಕು. ಒಂದ್ಸಲಾನೂ ರೇಗಲಿಲ್ಲ ನೋಡು ನಿಮ್ಮಮ್ಮ. ಎಂಥ ತಾಳ್ಮೆ.”

ಆಪರೇಟರಮ್ಮ ಬಾಗಿಲ ಕಡೆ ನೋಡಿದಳು. ಪಟ್ಟಿಯಲ್ಲಿ ‘ಅರ್ಧ ಗಂಟೆ ಮಾತು’ ಎಂಬ ಸಾಲಿಗೆ ತಿಂಗಳುಗಟ್ಟಲೆ ಒಂದೂ ತಪ್ಪದೆ ಬಿದ್ದಿದ್ದ ಗುರುತುಗಳು ಇಲ್ಲಿಂದಲೇ ಕಾಣುತ್ತಿದ್ದವು.

“ತಾಳ್ಮೆ ಅಲ್ಲ ರೀ,” ಅಂದಳು. “ನಾನು ಕೇಳಿಸ್ಕೊಂಡೇ ಇರಲಿಲ್ಲ.”

ಅವನು ತಮಾಷೆ ಅಂದುಕೊಂಡು ನಕ್ಕ. ಮಗಳು ನಗಲಿಲ್ಲ. ಎದ್ದು ಹೋಗಿ ಡಾಕ್ಟರಿಗೆ ಫೋನು ಮಾಡಿ ಮಂಗಳವಾರದ ಮಾತ್ರೆ ತಪ್ಪಿದ್ದನ್ನು ತಿಳಿಸಿ, ಮರುದಿನ ಹತ್ತು ಗಂಟೆಗೆ ಸಮಯ ತೆಗೆದುಕೊಂಡಳು, ಈ ಸಲ ಅಪ್ಪನ ಹೆಸರಿಗೆ. ಬ್ಯಾಗನ್ನು ಖಾಲಿಯಾಗಿಯೇ ಎತ್ತಿಕೊಂಡಳು. ಹೊರಡುವ ಮುಂಚೆ ಅಪ್ಪನ ತಲೆ ಸವರಿ, ಅಮ್ಮನ ಕೈಯನ್ನು ಸ್ವಲ್ಪ ಹೆಚ್ಚೇ ಹೊತ್ತು ಹಿಡಿದುಕೊಂಡಳು.

ಗಂಡ ಹೆಂಡತಿ ಗೇಟಿನ ತನಕ ಹೋಗಿ ಕಳಿಸಿದರು. ಕಾರು ತಿರುವು ದಾಟಿತು.

“ಮಗಳು ಮತ್ತೆ ಯಾವತ್ತು ಬರ್ತಾಳೆ?”

“ನಾಳೆ ಬೆಳಿಗ್ಗೆ ಬರ್ತಾಳೆ. ಮೂರು ಜನಾನೂ ಆಸ್ಪತ್ರೆಗೆ ಹೋಗ್ತೀವಿ.”

ಅವನು ತಲೆಯಾಡಿಸಿ ಗೇಟಿನ ಚಿಲಕ ಹಾಕಿದ. ಅದು ಸರಿಯಾಗಿ ಕೂತಿದೆಯೋ ಎಂದು ಒಮ್ಮೆ ಎಳೆದು ನೋಡಿದ. ಮನೆಯ ಮೆಟ್ಟಿಲು ಹತ್ತುವಾಗ ನಿಂತು ಅವಳ ಕಡೆ ತಿರುಗಿದ.

“ಮಗಳು ಯಾವತ್ತು ಬರ್ತಾಳೆ?”

ಆಪರೇಟರಮ್ಮ ಅವನ ಮುಖವನ್ನು ಪೂರ್ತಿ ನೋಡಿದಳು. “ನಾಳೆ ಬರ್ತಾಳೆ ರೀ, ಬೆಳಿಗ್ಗೆ. ಇದು ಎರಡನೇ ಸಲ.”

“ಹೌದಾ?” ಅಂದ ಮೇಸ್ತ್ರಿ. ಸ್ವಲ್ಪ ಯೋಚಿಸಿದ. “ಎಣಿಸ್ತಾ ಇರು.”

ಅವಳು ಅವನ ತೋಳು ಹಿಡಿದುಕೊಂಡು ಮೆಟ್ಟಿಲು ಹತ್ತಿದಳು.